ಉಬ್ಬರದ ಪುಸ್ತಕ

ನಮ್ಮ ಅಣ್ಣಯ್ಯನಿಗೆ ಈಗ ೮೪ ವರ್ಷ. ಊರಿನಲ್ಲಿ ಒಬ್ಬರೇ ಇದ್ದಾರೆ. ಮನೆಯಲ್ಲಿ ಟೆಲಿಫೋನು ಇದೆ, ಅದನ್ನು ಎತ್ತುವುದೂ ಉಂಟು; ಆದರೆ ವಿಷಯ ಮುಖ್ಯವಾದದ್ದಾದರೆ ಕಾರ್ಡು ಬರೆಯುತ್ತಾರೆ. ಟೆಲಿಫೋನಿನಲ್ಲಿ ಹೇಳಿದ್ದು ಹೇಳಿದ ಹಾಗೆ ಉಳಿಯುವುದಿಲ್ಲ ಎಂದು ಅವರ ಅಭಿಪ್ರಾಯ. ಕಳೆದ ಮಳೆಗಾಲದಲ್ಲಿ ಅವರಿಂದ ಒಂದು ಕಾರ್ಡು ಬಂತು. ಕ್ಷೇಮಸಮಾಚಾರ ಒಂದೂವರೆ ಸಾಲು. ತಾವು ಅಂಗಳದಲ್ಲಿ ಜಾರಿ ಬಿದ್ದ ವಿಷಯ ಅರ್ಧ ಸಾಲು. ಉಳಿದದ್ದೆಲ್ಲ ಇದು: ‘ಎಲ್ಲೋ ಒಂದು ದೊಡ್ಡ ಗ್ರಹ ತನ್ನ ಸೂರ್ಯನ ಮೇಲೆ ಬೀಳುತ್ತಾ ಉಂಟಂತೆ. ಅದಕ್ಕೆ ಕಾರಣ ಉಬ್ಬರ ಇಳಿತ ಎಂದು ಪೇಪರಿನಲ್ಲಿ ಹಾಕಿದ್ದಾರೆ. ಸಮುದ್ರ ಇಲ್ಲದಲ್ಲಿ ಉಬ್ಬರ ಎಂತದು? ಯಾರು ಕಂಡದ್ದು? ನೀನು ಮೂವತ್ತು ವರ್ಷ ಫಿಸಿಕ್ಸು ಪಾಠ ಹೇಳಿದವನು. ವಿಚಾರಿಸಿ ಬರೆ.’

ತಾವು ಬಿದ್ದದ್ದಕ್ಕೆ ಅರ್ಧ ಸಾಲು, ಗ್ರಹ ಬೀಳುವುದಕ್ಕೆ ಮಿಕ್ಕ ಕಾರ್ಡೆಲ್ಲ! ನಾನು ಗಾಬರಿಯಿಂದ ಟೆಲಿಫೋನು ಮಾಡಿದೆ. ಪೆಟ್ಟು ಎಷ್ಟಾಯಿತು, ಡಾಕ್ಟರು ಏನೆಂದರು, ಊಟಕ್ಕೆ ಏನು ಏರ್ಪಾಡು ಎಂದು ಕೇಳಿದರೆ, ‘ಅದೆಲ್ಲ ಆಯಿತು ಮಾರಾಯ, ಗ್ರಹದ್ದು ಎಂತ, ಅದು ಹೇಳು’ ಎಂದರು. ಬರೆದು ತಿಳಿಸುತ್ತೇನೆ ಎಂದೆ. ಹೀಗೆ, ಪಿಂಚಣಿ ಎಣಿಸುತ್ತ ಕುಳಿತವನಿಗೆ ಮತ್ತೊಮ್ಮೆ ಪರೀಕ್ಷೆಗೆ ಓದುವ ಯೋಗ ಬಂತು. ಪರೀಕ್ಷಕರು ಕಠಿಣರು, ನಲವತ್ತು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಲೆಕ್ಕ ಕಲಿಸಿದವರು.

ಉಬ್ಬರ ಇಳಿತ ನಮ್ಮ ಮನೆಯ ಮಟ್ಟಿಗೆ ಪಾಠದ ವಿಷಯವಲ್ಲ, ಅನ್ನದ ವಿಷಯ. ನಮ್ಮ ಊರು ಕುಂದಾಪುರದ ಕಡೆ, ಹೊಳೆ ಸಮುದ್ರವನ್ನು ಸೇರುವ ಅಳಿವೆಯಿಂದ ಒಂದು ಮೈಲಿ ಒಳಗೆ. ಸೇತುವೆ ಬರುವ ಮೊದಲು ಅಲ್ಲಿ ಕಡವು ಇತ್ತು. ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಕಡವಿನ ಪಕ್ಕದಲ್ಲೇ ತಂದೆಯವರ ದಿನಸಿ ಅಂಗಡಿ. ಹಂಚು, ಅಕ್ಕಿ, ಉಪ್ಪು ಹೇರಿದ ದೋಣಿಗಳು ನೀರು ಏರಿದ ಹೊತ್ತಿನಲ್ಲೇ ಅಳಿವೆ ದಾಟಬೇಕು. ತಪ್ಪಿದರೆ ಮರಳಿಗೆ ತಳ ತಾಗಿ ಗಂಟೆಗಟ್ಟಲೆ ಕೂರಬೇಕು. ಅಣ್ಣಯ್ಯ ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆಯವರು ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಕೈಗೆ ಕೊಟ್ಟು, ದಿನವೂ ನೀರು ಕಡವಿನ ಎಷ್ಟನೆಯ ಮೆಟ್ಟಿಲಿಗೆ ಬಂತು, ಆಗ ಗಂಟೆ ಎಷ್ಟು ಎಂದು ಬರೆಯಲು ಹೇಳಿದರು. ಇವತ್ತಿನ ಉಬ್ಬರ ನಾಳೆ ಸುಮಾರು ೫೦ ನಿಮಿಷ ತಡ. ಚಂದ್ರ ಎಷ್ಟು ತಡವೋ ನೀರೂ ಅಷ್ಟೇ ತಡ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕೆಳಗಿನಿಂದ ಎಣಿಸಿ ಎಂಟನೆಯ ಮೆಟ್ಟಿಲು, ಅಷ್ಟಮಿಯ ಹೊತ್ತಿಗೆ ಐದನೆಯದು. ನಾನು ಹುಟ್ಟುವಷ್ಟರಲ್ಲಿ ಅಣ್ಣಯ್ಯನಿಗೆ ಎಂಟು ವರ್ಷ; ನನಗೆ ನೆನಪು ಮೂಡುವ ಹೊತ್ತಿಗೆ ಅವರು ಆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು.

ಸೇತುವೆ ಬಂತು, ಕಡವು ಹೋಯಿತು, ಅಂಗಡಿಯೂ ಹೋಯಿತು. ಅಣ್ಣಯ್ಯ ಮೇಷ್ಟರಾದರು, ಹೆಡ್ಮೇಷ್ಟರಾದರು, ನಿವೃತ್ತರಾದರು. ಪುಸ್ತಕ ಮಾತ್ರ ನಿಂತಿಲ್ಲ. ಒಂದು ಮುಗಿದರೆ ಇನ್ನೊಂದು. ಒಮ್ಮೆ ನಾನು, ಉಬ್ಬರದ ವೇಳೆಯನ್ನು ಲೆಕ್ಕ ಹಾಕಿ ವರ್ಷಕ್ಕೆ ಮೊದಲೇ ಅಚ್ಚು ಮಾಡಿಬಿಡುತ್ತಾರೆ, ಈಗ ಮೊಬೈಲಿನಲ್ಲೂ ಸಿಗುತ್ತದೆ, ಇದನ್ನೇಕೆ ಬರೆಯಬೇಕು ಎಂದು ಕೇಳಿದ್ದೆ. ‘ಅದು ಬರಬೇಕಾದದ್ದು. ಇದು ಬಂದದ್ದು’ ಎಂದರು.

ಎರಡು ವರ್ಷದ ಕೆಳಗೆ ಅತ್ತಿಗೆ ತೀರಿಕೊಂಡ ಮೇಲೆ ಅವರನ್ನು ಬೆಂಗಳೂರಿಗೆ ಕರೆತಂದೆವು. ಹನ್ನೆರಡು ದಿನ ಇದ್ದರು. ನನ್ನ ಹೆಂಡತಿ ಮಾಡಿದ್ದನ್ನೆಲ್ಲ ಹೊಗಳಿಕೊಂಡು ಉಂಡರು; ರಾತ್ರಿ ಮಾತ್ರ ನಿದ್ರೆ ಬರುತ್ತಿರಲಿಲ್ಲ. ‘ಇಲ್ಲಿ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ’ ಎಂದರು. ಕಾವೇರಿ ನೀರು ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತದಲ್ಲ, ಅದೇ ನಮ್ಮ ಉಬ್ಬರ ಇಳಿತ ಎಂದು ನಾನು ನಗಿಸಲು ನೋಡಿದೆ. ನಕ್ಕರು, ಹದಿಮೂರನೆಯ ದಿನ ಬಸ್ಸು ಹತ್ತಿದರು. ಅಲ್ಲಿಂದ ಈಚೆಗೆ ಪ್ರತಿ ಕಾರ್ಡಿನಲ್ಲೂ ನಾನು ‘ಇಲ್ಲಿಗೆ ಬನ್ನಿ’ ಎನ್ನುವುದು, ಅವರು ‘ನೀನೇ ಬಾ, ಮನೆ ಖಾಲಿ ಉಂಟು’ ಎನ್ನುವುದು. ಇಬ್ಬರೂ ಕದಲಿಲ್ಲ. ಅಷ್ಟರಲ್ಲಿ ಅವರು ಅಂಗಳದಲ್ಲಿ ಬಿದ್ದದ್ದು.

ಇರಲಿ. ಗ್ರಹದ ವಿಷಯ.

ಪೇಪರಿನವರು ಹೇಳಿದ ಗ್ರಹದ ಹೆಸರು ವಾಸ್ಪ್-೧೨ ಬಿ. ಗ್ರಹಗಳನ್ನು ಹುಡುಕಲು ಹೂಡಿದ ಒಂದು ಯೋಜನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಇಂಗ್ಲಿಷಿನಲ್ಲಿ ಕಣಜದ ಹುಳು ಎಂದೂ ಅರ್ಥವಾಗುತ್ತದೆ. ದೊಡ್ಡ ದೂರದರ್ಶಕವೇನಲ್ಲ: ಫೋಟೋ ತೆಗೆಯುವವರು ಬಳಸುವಂಥ ಮಸೂರಗಳನ್ನು ಹಾಕಿದ ಎಂಟು ಕ್ಯಾಮೆರಾಗಳನ್ನು ಒಟ್ಟಿಗೆ ಕಟ್ಟಿ, ಆಕಾಶವನ್ನು ರಾತ್ರಿಯೆಲ್ಲ ನೋಡುವಂತೆ ನಿಲ್ಲಿಸಿದ್ದು. ಯಾವ ನಕ್ಷತ್ರದ ಬೆಳಕು ಕ್ರಮವಾಗಿ, ಗಡಿಯಾರ ಹೊಡೆದಂತೆ, ಒಂದಿಷ್ಟು ಕುಗ್ಗುತ್ತದೆ ಎಂದು ನೋಡುವುದೇ ಕೆಲಸ. ಕುಗ್ಗಿದರೆ ಅದರ ಮುಂದೆ ಗ್ರಹವೊಂದು ಹಾದುಹೋಗುತ್ತಿದೆ ಎಂದು ಅರ್ಥ. ಈ ಗ್ರಹವನ್ನು ಕಂಡುಹಿಡಿದ ಸುದ್ದಿ ೨೦೦೮ರಲ್ಲಿ ಹೊರಬಿತ್ತು. ಬ್ರಹ್ಮಹೃದಯ ಇರುವ ನಕ್ಷತ್ರಪುಂಜದಲ್ಲೇ, ಅಲ್ಲಿಂದ ಮಿಥುನದ ಕಡೆಗೆ ಸರಿದರೆ, ಬರಿಗಣ್ಣಿಗೆ ಕಾಣದ ಒಂದು ನಕ್ಷತ್ರ. ಅದರ ಸುತ್ತ ಇದು ತಿರುಗುತ್ತದೆ. ದೂರ ಸುಮಾರು ೧೪೦೦ ಜ್ಯೋತಿರ್ವರ್ಷ. ನಮ್ಮ ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಹೊರಟ ಬೆಳಕು ಈಗ ನಮಗೆ ತಲುಪುತ್ತಿದೆ.

ತೂಕದಲ್ಲಿ ಅದು ನಮ್ಮ ಗುರುಗ್ರಹದ ಒಂದೂವರೆಯಷ್ಟು. ಗಾತ್ರದಲ್ಲಿ, ಕಾವು ತಗಲಿ ಉಬ್ಬಿಕೊಂಡು, ಅಡ್ಡಳತೆ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ನಮ್ಮ ಗುರುವಿಗೆ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ೧೨ ವರ್ಷ ಬೇಕು. ಇದಕ್ಕೆ ಬೇಕಾದದ್ದು ೨೬ ಗಂಟೆ ೧೧ ನಿಮಿಷ ಚಿಲ್ಲರೆ. ನಮ್ಮ ಒಂದು ವರ್ಷದಲ್ಲಿ ಅಲ್ಲಿ ೩೩೪ ಯುಗಾದಿ! ಆ ಲೆಕ್ಕದಲ್ಲಿ ನನ್ನ ವಯಸ್ಸು ೨೫,೦೦೦ ದಾಟಿತು. ನಕ್ಷತ್ರದಿಂದ ಅದರ ದೂರ ೩೫ ಲಕ್ಷ ಕಿಲೋಮೀಟರು. ಕೇಳುವುದಕ್ಕೆ ದೊಡ್ಡದು, ಆದರೆ ಆ ನಕ್ಷತ್ರದ ನಡುವಿನಿಂದ ಅಂಚಿಗೆ ಎಷ್ಟು ದೂರವೋ ಅದರ ಮೂರರಷ್ಟು ಮಾತ್ರ. ಒಲೆಯ ದಂಡೆಯ ಮೇಲೆ ಕುಳಿತಂತೆ.

ಇಂಥ ಗ್ರಹಗಳು ಇರಬಹುದೆಂದು ೧೯೫೨ರಲ್ಲೇ ಆಟೋ ಸ್ಟ್ರೂವೆ ಎಂಬ ಖಗೋಳಶಾಸ್ತ್ರಜ್ಞ ಒಂದು ಪುಟ್ಟ ಲೇಖನದಲ್ಲಿ ಬರೆದಿದ್ದ. ಹೆಚ್ಚು ಜನ ಕಿವಿಗೊಡಲಿಲ್ಲ. ನಮ್ಮ ಸೂರ್ಯನ ಮನೆಯಲ್ಲಿ ದೊಡ್ಡವರೆಲ್ಲ ದೂರ, ಚಿಕ್ಕವರೆಲ್ಲ ಹತ್ತಿರ. ಎಲ್ಲರ ಮನೆಯೂ ಹಾಗೇ ಎಂದು ತಿಳಿದಿದ್ದರು. ೧೯೯೫ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಎಂಬ ಸ್ವಿಸ್ ವಿಜ್ಞಾನಿಗಳು, ಪೂರ್ವಾಭಾದ್ರೆಯ ಎರಡು ತಾರೆಗಳ ಪಕ್ಕದಲ್ಲಿರುವ ಒಂದು ಸಾಧಾರಣ ನಕ್ಷತ್ರದ ಬಳಿ, ನಾಲ್ಕೇ ದಿನ ಚಿಲ್ಲರೆಯಲ್ಲಿ ಸುತ್ತುವ ದೈತ್ಯ ಗ್ರಹವೊಂದನ್ನು ತೋರಿಸಿದಾಗ ಆ ನಂಬಿಕೆ ಮುರಿಯಿತು. ಅವರಿಗೆ ೨೦೧೯ರಲ್ಲಿ ನೊಬೆಲ್ ಬಂತು. ಇಂಥವು ನಕ್ಷತ್ರಕ್ಕೆ ಅಷ್ಟು ಹತ್ತಿರ ಹುಟ್ಟಿರಲಾರವು, ದೂರದಲ್ಲಿ ಹುಟ್ಟಿ ಒಳಗೆ ಬಂದಿರಬೇಕು ಎಂಬುದು ತಿಳಿದವರಲ್ಲಿ ಹೆಚ್ಚಿನವರ ಮತ.

ಇಷ್ಟು ಬರೆದು ಮೊದಲ ಕಾಗದ ಕಳಿಸಿದೆ. ಉತ್ತರ ಬಂತು: ‘ವಂಶಾವಳಿ ಆಯಿತು. ಉಬ್ಬರ?’

ಆಗ ಎರಡನೆಯ ಕಾಗದ. ಅದರ ಸಾರ ಇಲ್ಲಿ ಕೊಡುತ್ತೇನೆ. ಉಬ್ಬರಕ್ಕೆ ನೀರೇ ಬೇಕೆಂದಿಲ್ಲ. ಚಂದ್ರ ಭೂಮಿಯನ್ನು ಎಳೆಯುವಾಗ ತನಗೆ ಹತ್ತಿರದ ಮಗ್ಗುಲನ್ನು ಹೆಚ್ಚು ಎಳೆಯುತ್ತಾನೆ, ನಡುವನ್ನು ಅದಕ್ಕಿಂತ ಕಡಿಮೆ, ಆಚೆಯ ಮಗ್ಗುಲನ್ನು ಇನ್ನೂ ಕಡಿಮೆ. ಹೀಗೆ ಎಳೆತದಲ್ಲಿ ಹೆಚ್ಚು ಕಡಿಮೆಯಾದಾಗ ಉಂಡೆ ಎರಡು ಕಡೆಗೂ ಜಗ್ಗಿ ಉದ್ದವಾಗುತ್ತದೆ. ನೀರು ಸುಲಭವಾಗಿ ಜಗ್ಗುವುದರಿಂದ ಕಣ್ಣಿಗೆ ಕಾಣುತ್ತದೆ, ಅಷ್ಟೆ; ಕಲ್ಲೂ ಜಗ್ಗುತ್ತದೆ. ನಮ್ಮ ಬೆಂಗಳೂರಿನ ನೆಲವೂ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಹೆಚ್ಚೆಂದರೆ ಒಂದು ಅಡಿಯಷ್ಟು. ಮನೆ, ಬೀದಿ, ತೆಂಗಿನ ಮರ ಎಲ್ಲ ಒಟ್ಟಿಗೆ ಏರುವುದರಿಂದ ನಮಗೆ ತಿಳಿಯುವುದಿಲ್ಲ. ‘ಆದ್ದರಿಂದ ಬೆಂಗಳೂರಿನಲ್ಲಿ ಉಬ್ಬರವಿಲ್ಲವೆಂಬ ಆಕ್ಷೇಪಣೆ ನಿಲ್ಲುವುದಿಲ್ಲ’ ಎಂದು ಕೆಳಗೆ ಗೆರೆ ಎಳೆದು ಬರೆದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಈಗ ಒಂದು ದೈತ್ಯ ಗ್ರಹ ಒಂದು ನಕ್ಷತ್ರದ ಮಗ್ಗುಲಲ್ಲಿ ನಿಂತರೆ ಏನಾದೀತು? ಎರಡೂ ಜಗ್ಗುತ್ತವೆ. ಗ್ರಹವಂತೂ ಕೋಳಿಮೊಟ್ಟೆಯ ಆಕಾರಕ್ಕೆ ಬರುತ್ತದೆ. ವಾಸ್ಪ್-೧೦೩ ಬಿ ಎಂಬ ಇನ್ನೊಂದರಲ್ಲಿ ಈ ಸೊಟ್ಟ ಆಕಾರವನ್ನು ಯೂರೋಪಿನ ಕಿಯಾಪ್ಸ್ ಎಂಬ ಬಾಹ್ಯಾಕಾಶ ದೂರದರ್ಶಕದಿಂದ ಅಳೆದೇ ಬಿಟ್ಟರು. ಅದು ೨೦೨೨ರ ಮಾತು. ನಮ್ಮ ವಾಸ್ಪ್-೧೨ ಬಿಯಿಂದ ಅನಿಲ ಸೋರುತ್ತಿರುವುದನ್ನು ಹಬಲ್ ದೂರದರ್ಶಕ ೨೦೧೦ರ ಹೊತ್ತಿಗೇ ತೋರಿಸಿತ್ತು. ಆದರೆ ಅದರ ಕೇಡಿಗೆ ಕಾರಣ ಈ ಸೋರಿಕೆಯಲ್ಲ, ಅದರ ಸ್ವಂತ ಸೊಟ್ಟತನವೂ ಅಲ್ಲ. ಅದು ನಕ್ಷತ್ರದ ಮೈಯಲ್ಲಿ ಎಬ್ಬಿಸಿದ ಉಬ್ಬು.

ಇದನ್ನು ಚಂದ್ರನಿಂದ ಹಿಡಿದು ಹೇಳಿದರೆ ತಿಳಿಯಾದೀತು. ಚಂದ್ರ ನಮ್ಮ ಸಮುದ್ರದಲ್ಲಿ ಉಬ್ಬು ಎಬ್ಬಿಸುತ್ತಾನೆ. ಆ ಉಬ್ಬು ಅವನ ನೇರಕ್ಕೆ ನಿಲ್ಲಬೇಕು. ಆದರೆ ಭೂಮಿ ಆತುರಗಾರ್ತಿ, ಒಂದು ದಿನಕ್ಕೆ ಒಂದು ಸುತ್ತು ತಿರುಗುತ್ತಾಳೆ, ಚಂದ್ರ ಸುತ್ತಿ ಬರಲು ೨೭ ದಿನ. ತಿಕ್ಕಾಟದಿಂದಾಗಿ ಭೂಮಿ ಆ ಉಬ್ಬನ್ನು ತನ್ನ ಜತೆಗೆ ಎಳೆದುಕೊಂಡು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯುತ್ತಾಳೆ. ಮುಂದಿರುವ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ. ಹೀಗೆ ಪುಸಲಾಯಿಸಿಕೊಂಡ ಚಂದ್ರ ವರ್ಷಕ್ಕೆ ೩.೮ ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. ೧೯೬೯ರಿಂದ ಅಲ್ಲಿ ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಬೆಳಕು ಬಿಟ್ಟು ಅಳೆದದ್ದು. ಭೂಮಿಗೂ ಖರ್ಚು ತಪ್ಪಿದ್ದಲ್ಲ: ನೂರು ವರ್ಷಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಂತೆ ನಮ್ಮ ದಿನ ಉದ್ದವಾಗುತ್ತಿದೆ. ಈ ಲೆಕ್ಕವನ್ನು ಶಾಸ್ತ್ರೀಯವಾಗಿ ಕಟ್ಟಿದವನು ಜಾರ್ಜ್ ಡಾರ್ವಿನ್, ವಿಕಾಸವಾದದ ಡಾರ್ವಿನ್ನನ ಮಗ, ೧೮೮೦ರ ಸುಮಾರಿಗೆ. ತಂದೆ ಜೀವಿಗಳ ಹಿಂದಿನದನ್ನು ಹುಡುಕಿದ, ಮಗ ಚಂದ್ರನ ಹಿಂದಿನದನ್ನು.

ವಾಸ್ಪ್-೧೨ರಲ್ಲಿ ಪಾತ್ರ ಅದಲುಬದಲು. ಅಲ್ಲಿ ತಿರುಗುವ ನಕ್ಷತ್ರ ನಿಧಾನ, ಸುತ್ತುವ ಗ್ರಹ ಅವಸರ. ಗ್ರಹ ಎಬ್ಬಿಸಿದ ಉಬ್ಬು ಗ್ರಹದ ವೇಗಕ್ಕೆ ಓಡಲಾರದೆ ಹಿಂದೆ ಉಳಿಯುತ್ತದೆ. ಹಿಂದೆ ಉಳಿದದ್ದು ಹಿಂದಕ್ಕೇ ಎಳೆಯುತ್ತದೆ. ಸಂತೆಯಲ್ಲಿ ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ. ಗ್ರಹ ಒಂದೊಂದು ಸುತ್ತಿನಲ್ಲೂ ಒಂದಿಷ್ಟು ಶಕ್ತಿ ಕಳೆದುಕೊಂಡು, ಒಂದಿಷ್ಟು ಒಳಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಮೂವತ್ತು ವರ್ಷ ಪಾಠ ಹೇಳಿದರೂ ಇದನ್ನು ಒಮ್ಮೆಗೇ ನಂಬಿದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಹಿಂದಕ್ಕೆ ಎಳೆದರೆ ವೇಗ ತಗ್ಗಬೇಕಲ್ಲವೆ? ತಗ್ಗುವುದಿಲ್ಲ, ಹೆಚ್ಚುತ್ತದೆ! ಬ್ರೇಕು ಹಾಕಿದ ಗ್ರಹ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ದಾರಿ ಚಿಕ್ಕದು, ಅಲ್ಲಿ ನಕ್ಷತ್ರದ ಸೆಳೆತ ಹೆಚ್ಚು. ಇಳಿಯುವಾಗ ಗಳಿಸುವ ವೇಗ ಬ್ರೇಕಿನಿಂದ ಕಳೆದುಕೊಂಡದ್ದಕ್ಕಿಂತ ಜಾಸ್ತಿ. ಭೂಮಿಯ ಸುತ್ತ ಹಾರುವ ಕೃತಕ ಉಪಗ್ರಹಗಳಿಗೂ ತೆಳು ಗಾಳಿ ತಾಗಿದಾಗ ಇದೇ ಗತಿ. ೧೯೭೯ರ ಜುಲೈಯಲ್ಲಿ ಸ್ಕೈಲ್ಯಾಬ್ ಬಿದ್ದದ್ದು ಹಿರಿಯ ಓದುಗರಿಗೆ ನೆನಪಿದ್ದೀತು. ಎಲ್ಲಿ ತಲೆಯ ಮೇಲೆ ಬೀಳುತ್ತದೋ ಎಂದು ನಮ್ಮ ಊರಿನವರೂ ಹೆದರಿದ್ದರು. ಶಾಲೆಗೆ ರಜ ಕೊಡಿ ಎಂದು ಬಂದವರಿಗೆ ಅಣ್ಣಯ್ಯ, ‘ಮನೆಯ ಮೇಲೆ ಬೀಳುವುದಿಲ್ಲ ಎಂದು ಬರೆದು ಕೊಡುತ್ತೀರಾ? ಹಾಗಾದರೆ ರಜ’ ಎಂದು ಹೇಳಿ ಕಳಿಸಿದರಂತೆ.

ಹೀಗೆ ವಾಸ್ಪ್-೧೨ ಬಿಯ ವರ್ಷ ಚಿಕ್ಕದಾಗುತ್ತ ಇದೆ. ಎಷ್ಟು? ನಮ್ಮ ಒಂದು ವರ್ಷದಲ್ಲಿ ೨೯ ಮಿಲಿಸೆಕೆಂಡು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ ೨೯ ಪಾಲು. ಕಣ್ಣು ರೆಪ್ಪೆ ಹೊಡೆಯುವುದಕ್ಕೆ ಅದರ ಹಲವು ಪಟ್ಟು ಕಾಲ ಹಿಡಿಯುತ್ತದೆ.

ಇದನ್ನು ಬರೆದಾಗ ಅಣ್ಣಯ್ಯನ ಕಾರ್ಡು ಮರುಟಪಾಲಿನಲ್ಲೇ ಬಂತು. ‘ನಮ್ಮ ಅಂಗಡಿಯ ಗೋಡೆ ಗಡಿಯಾರ ವಾರಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ. ಅದಕ್ಕೆ ನಾನು, ಸೂರ್ಯ ತಡವಾಗಿ ಹುಟ್ಟುತ್ತಿದ್ದಾನೆ ಎಂದು ಪೇಪರಿಗೆ ಬರೆಯಲೆ? ಅವರ ಗಡಿಯಾರ ಸರಿ ಇತ್ತು ಎಂದು ಯಾರು ಹೇಳಿದ್ದು? ೨೯ ಮಿಲಿಸೆಕೆಂಡು ಅಳೆಯುವ ಮನುಷ್ಯ ಯಾರು?’

ಪ್ರಶ್ನೆ ಸರಿಯಾದದ್ದು, ಖಗೋಳಶಾಸ್ತ್ರಜ್ಞರೂ ತಮ್ಮನ್ನೇ ಕೇಳಿಕೊಂಡದ್ದು. ಅಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಸಲಕ್ಕೆ ಯಾರೂ ಅಳೆಯಲಿಲ್ಲ. ಅಳೆಯಬೇಕಾಗಿಯೂ ಇಲ್ಲ. ಕಾಯಬೇಕು, ಅಷ್ಟೆ. ಒಂದೊಂದು ಸುತ್ತಿನಲ್ಲೂ ಚೂರುಚೂರೇ ಬೇಗ ಬಂದದ್ದು ಹಿಂದಿನದಕ್ಕೆ ಸೇರುತ್ತದೆ. ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಮೊದಲು ಕಟ್ಟಿದ ವೇಳಾಪಟ್ಟಿಗೆ ಹೋಲಿಸಿದರೆ ಒಂದು ವರ್ಷದ ಕೊನೆಗೆ ಗ್ರಹ ಸುಮಾರು ೫ ಸೆಕೆಂಡು ಬೇಗ ಬರುತ್ತದೆ. ಎರಡು ವರ್ಷಕ್ಕೆ ಹತ್ತಲ್ಲ, ೨೦ ಸೆಕೆಂಡು ಹತ್ತಿರ. ಹತ್ತು ವರ್ಷಕ್ಕೆ ೮ ನಿಮಿಷ. ಎಂಟು ನಿಮಿಷ ಬೇಗ ಬಂದ ಬಸ್ಸನ್ನು ಯಾರು ತಾನೆ ಗಮನಿಸುವುದಿಲ್ಲ? ಅದೂ, ನಿಲ್ದಾಣದಲ್ಲಿ ಹತ್ತು ವರ್ಷ ಬಿಡದೆ ಬರೆದುಕೊಳ್ಳುತ್ತ ಕುಳಿತವನು ಇದ್ದರೆ. ಬರಬೇಕಾದದ್ದು ಒಂದು ಕಲಮು, ಬಂದದ್ದು ಇನ್ನೊಂದು ಕಲಮು, ಎರಡರ ವ್ಯತ್ಯಾಸ ಮೂರನೆಯದು: ಆ ಲೆಕ್ಕದ ಪುಸ್ತಕಕ್ಕೂ ನಮ್ಮ ಮನೆಯ ಕೆಂಪು ಬಟ್ಟೆಯ ಪುಸ್ತಕಕ್ಕೂ ವ್ಯತ್ಯಾಸವೇನೂ ಇಲ್ಲವೆಂದು ಬರೆದೆ. ಇನ್ನು ಗಡಿಯಾರ ತಪ್ಪಿದ್ದರೆ ಅದೇ ಗಡಿಯಾರದಲ್ಲಿ ನೋಡಿದ ಬೇರೆ ಗ್ರಹಗಳೂ ಬೇಗ ಬರಬೇಕಿತ್ತು, ಬರಲಿಲ್ಲ.

ಆದರೂ ವಿಜ್ಞಾನಿಗಳು ಕೂಡಲೆ ತೀರ್ಪು ಕೊಡಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಬೇಗ ಬರುತ್ತಿದೆ ಎಂಬ ಅನುಮಾನ ೨೦೧೬ರಲ್ಲೇ ಅಚ್ಚಾಯಿತು. ತೀರ್ಪು ಬಂದದ್ದು ೨೦೨೦ರಲ್ಲಿ. ನಡುವೆ ಇದ್ದ ತೊಡಕು ಇದು: ಗ್ರಹದ ದಾರಿ ಪೂರ್ಣ ವೃತ್ತವಾಗಿರದೆ ಸ್ವಲ್ಪ ಉದ್ದವಾಗಿದ್ದು, ಆ ಉದ್ದನೆಯ ದಾರಿಯೇ ಮೆಲ್ಲಗೆ ತಿರುಗುತ್ತಿದ್ದರೂ ಗ್ರಹ ಕೆಲವು ಕಾಲ ಬೇಗ ಬಂದಂತೆ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ಗ್ರಹ ನಕ್ಷತ್ರದ ಮುಂದೆ ಹಾಯುವ ಹೊತ್ತು ಒಂದು, ಹಿಂದೆ ಮರೆಯಾಗುವ ಹೊತ್ತು ಇನ್ನೊಂದು. ದಾರಿ ತಿರುಗುತ್ತಿದ್ದರೆ ಒಂದು ಬೇಗ ಬಂದಾಗ ಇನ್ನೊಂದು ತಡವಾಗಬೇಕು. ಸ್ಪಿಟ್ಜರ್ ಎಂಬ ಬಾಹ್ಯಾಕಾಶ ದೂರದರ್ಶಕ, ತನ್ನ ಕೆಲಸ ನಿಲ್ಲಿಸುವ ಕೊನೆಗಾಲದಲ್ಲಿ, ಹಿಂದೆ ಮರೆಯಾಗುವ ಹೊತ್ತನ್ನು ಮತ್ತೆ ನೋಡಿತು. ಅದೂ ಬೇಗ ಬಂದಿತ್ತು. ಎರಡೂ ಬೇಗ, ಎಂದ ಮೇಲೆ ಬೀಳುತ್ತಿರುವುದೇ ನಿಜ.

ಎಲ್ಲ ಕಡೆಯೂ ಹೀಗೆ ನೇರವಾಗಿ ತೀರುವುದಿಲ್ಲ. ವಾಸ್ಪ್-೪ ಬಿ ಎಂಬ ಇನ್ನೊಂದು ಗ್ರಹವೂ ಬೇಗ ಬರುತ್ತಿದೆ ಎಂದು ೨೦೧೯ರಲ್ಲಿ ಗೊತ್ತಾಗಿ, ಇದೂ ಬೀಳುತ್ತಿದೆಯೇನೋ ಎಂದುಕೊಂಡರು. ಮರುವರ್ಷ ನೋಡಿದರೆ ಆ ನಕ್ಷತ್ರವೇ ನಮ್ಮ ಕಡೆಗೆ ವೇಗ ಹೆಚ್ಚಿಸಿಕೊಳ್ಳುತ್ತ ಬರುತ್ತಿತ್ತು! ಅದು ಹತ್ತಿರ ಬಂದಂತೆ ಬೆಳಕಿಗೆ ನಡೆಯುವ ದಾರಿ ಕಡಿಮೆಯಾಗಿ ಸುದ್ದಿ ಬೇಗ ಮುಟ್ಟುತ್ತಿತ್ತು. ಬೇಗ ಬಂದದ್ದರಲ್ಲಿ ಇದರ ಪಾಲೆಷ್ಟು, ಉಬ್ಬರದ ಪಾಲೆಷ್ಟು ಎಂಬ ವಾದ ಆಮೇಲೂ ನಡೆಯಿತು. ಇದನ್ನು ಓದಿ ಅಣ್ಣಯ್ಯನಿಗೆ ತುಂಬ ಸಂತೋಷವಾಯಿತು. ‘ಪ್ರಾಮಾಣಿಕರು’ ಎಂದು ಒಂದೇ ಮಾತು ಬರೆದರು. ಅವರಿಂದ ಈ ಸರ್ಟಿಫಿಕೇಟು ಪಡೆದ ಮನುಷ್ಯರು ನಮ್ಮ ಊರಿನಲ್ಲೂ ಕಡಿಮೆ.

ಇನ್ನೆಷ್ಟು ಕಾಲ ಉಳಿದೀತು ಎಂದು ಕೇಳಿದ್ದರು. ಈಗಿನ ವೇಗದಲ್ಲೇ ಹೋದರೆ ಎಂದು ಭಾಗಿಸಿ ನೋಡಿದರೆ ೩೨ ಲಕ್ಷ ವರ್ಷ ಚಿಲ್ಲರೆ. ಆದರೆ ಹತ್ತಿರವಾದಷ್ಟೂ ಎಳೆತ ಜೋರು, ಆದ್ದರಿಂದ ನಿಜವಾಗಿ ಅದಕ್ಕಿಂತ ಬೇಗ. ನಕ್ಷತ್ರದ ಆಯುಸ್ಸಿನ ಮುಂದೆ ಇದು ಸಂಜೆಯ ಕೊನೆಯ ಗಳಿಗೆ. ಇಷ್ಟು ಬೇಗ ಏಕೆ ಬೀಳುತ್ತಿದೆ ಎಂಬುದು ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಕ್ಷತ್ರ ಮುಪ್ಪಿನ ಹೊಸ್ತಿಲಿಗೆ ಬಂದಿರಬೇಕು, ಮುಪ್ಪಾದ ನಕ್ಷತ್ರದ ಒಡಲೊಳಗೆ ಉಬ್ಬರದ ಅಲೆಗಳು ಮುರಿದು ಶಕ್ತಿ ಬೇಗ ಕರಗುತ್ತದೆ ಎಂದು ಒಂದು ಪಕ್ಷ. ಅದು ಮುಪ್ಪಾಗಿದೆ ಎನ್ನಲು ಆಧಾರ ಸಾಲದು ಎಂದು ಇನ್ನೊಂದು. ಕೆಪ್ಲರ್-೧೬೫೮ ಬಿ ಎಂಬ ಗ್ರಹವೂ ಬೀಳುತ್ತಿರುವುದು ೨೦೨೨ರಲ್ಲಿ ಗೊತ್ತಾಯಿತು. ಅದರ ನಕ್ಷತ್ರವಂತೂ ಸಂದೇಹವಿಲ್ಲದೆ ಮುಪ್ಪಾದದ್ದು.

ಎಲ್ಲ ಜೋಡಿಗಳೂ ಹೀಗೆ ಅಲ್ಲ. ಸ್ವಾತಿಯ ನಕ್ಷತ್ರಪುಂಜದಲ್ಲೇ, ಅದರಿಂದ ಬಹಳ ದೂರವಿಲ್ಲದಂತೆ, ಟೌ ಬೂಟಿಸ್ ಎಂಬ ಮಂದ ನಕ್ಷತ್ರವಿದೆ. ಕತ್ತಲೆಯ ಊರಿನಲ್ಲಿ ಬರಿಗಣ್ಣಿಗೂ ಕಾಣುತ್ತದೆ. ಅದರ ಭಾರಿ ಗ್ರಹ ಸುಮಾರು ೩.೩ ದಿನಕ್ಕೆ ಒಂದು ಸುತ್ತು ಬರುತ್ತದೆ. ನಕ್ಷತ್ರವೂ ಹೆಚ್ಚು ಕಡಿಮೆ ಅಷ್ಟೇ ದಿನಕ್ಕೆ ಒಮ್ಮೆ ತಿರುಗುತ್ತದೆ. ಉಬ್ಬು ಮುಂದೆಯೂ ಹೋಗುವುದಿಲ್ಲ, ಹಿಂದೆಯೂ ಉಳಿಯುವುದಿಲ್ಲ. ಅಷ್ಟು ಹತ್ತಿರವಿದ್ದೂ ಒಂದನ್ನೊಂದು ಎಳೆದಾಡದೆ ಸಾಗಿದ ಸಂಸಾರ.

ನಮ್ಮ ದೇಶ ಹೆಸರಿಟ್ಟ ಗ್ರಹವೂ ಇಂಥದೇ ಎಂಬುದು ಬಹಳ ಜನಕ್ಕೆ ತಿಳಿದಿರಲಾರದು. ೨೦೧೯ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘ ಒಂದೊಂದು ದೇಶಕ್ಕೂ ಒಂದೊಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲು ಕೊಟ್ಟಿತು. ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಎಂದೂ, ಎರಡು ದಿನ ಚಿಲ್ಲರೆಗೆ ಸುತ್ತುವ ಅದರ ದೈತ್ಯ ಗ್ರಹಕ್ಕೆ ‘ಸಂತಮಸ’ ಎಂದೂ ಹೆಸರಾಯಿತು. ಮೋಡ ಕವಿದದ್ದು ಎಂಬ ಅರ್ಥದಲ್ಲಿ ಇಟ್ಟದ್ದಂತೆ. ಆದರೆ ಸಂಸ್ಕೃತ ಬಲ್ಲವರಿಗೆ ಅದು ದಟ್ಟ ಕತ್ತಲೆ. ನಕ್ಷತ್ರದ ಬಾಯಲ್ಲೇ ಕುಳಿತ ಗ್ರಹಕ್ಕೆ ಕತ್ತಲೆ ಎಂದು ಹೆಸರೆ ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಹೆಸರು ತಪ್ಪಿಲ್ಲ. ಇಂಥ ಗ್ರಹಗಳ ಸ್ವಂತ ತಿರುಗುವಿಕೆಯನ್ನು ಉಬ್ಬರ ಬಹಳ ಹಿಂದೆಯೇ ತಡೆದು, ಒಂದೇ ಮುಖ ನಕ್ಷತ್ರಕ್ಕೆ ಕಾಣುವಂತೆ ಕಟ್ಟಿಹಾಕಿರುತ್ತದೆ, ನಮ್ಮ ಚಂದ್ರನ ಮುಖವನ್ನು ನಮ್ಮ ಕಡೆಗೆ ಕಟ್ಟಿಹಾಕಿದ ಹಾಗೆ. ಅರ್ಧ ಗ್ರಹ ಎಂದೂ ಆರದ ಹಗಲು, ಅರ್ಧ ಎಂದೂ ಹರಿಯದ ಇರುಳು.

ಬಿದ್ದೇ ಹೋದದ್ದನ್ನು ಯಾರಾದರೂ ಕಂಡದ್ದುಂಟೆ? ಉಂಟು ಎನ್ನಬೇಕು. ೨೦೨೦ರ ಮೇ ತಿಂಗಳಲ್ಲಿ, ಶ್ರವಣ ನಕ್ಷತ್ರವಿರುವ ಗರುಡಪುಂಜದ ಕಡೆ, ಸುಮಾರು ೧೨,೦೦೦ ಜ್ಯೋತಿರ್ವರ್ಷ ದೂರದಲ್ಲಿ ಒಂದು ನಕ್ಷತ್ರ ಹತ್ತು ದಿನದೊಳಗೆ ನೂರು ಪಟ್ಟು ಬೆಳಗಿ, ಮತ್ತೆ ಮಂಕಾಗಿ, ಸುತ್ತ ತಣ್ಣನೆಯ ಧೂಳು ಬಿಟ್ಟಿತು. ಅದು ಗ್ರಹವೊಂದನ್ನು ನುಂಗಿದ ಗುರುತು ಎಂದು ೨೦೨೩ರಲ್ಲಿ ಹೇಳಿದರು. ಮುಪ್ಪಿನಲ್ಲಿ ಊದಿಕೊಂಡ ನಕ್ಷತ್ರ ಹೋಗಿ ಗ್ರಹವನ್ನು ಹಿಡಿಯಿತು ಎಂದು ಮೊದಲ ಊಹೆ. ೨೦೨೫ರಲ್ಲಿ ವೆಬ್ ದೂರದರ್ಶಕದಿಂದ ಮತ್ತೆ ನೋಡಿದವರು ಊಹೆಯನ್ನು ತಿದ್ದಿದರು: ನಕ್ಷತ್ರ ಊದಿರಲಿಲ್ಲ, ಗ್ರಹವೇ ಸುತ್ತುತ್ತ ಸುತ್ತುತ್ತ ಇಳಿದು ಬಂದಿರಬೇಕು.

ಇದು ನನ್ನ ಕೊನೆಯ ಕಾಗದ. ಇದಕ್ಕೆ ಬಂದ ಕಾರ್ಡಿನಲ್ಲಿ ಅಕ್ಷರಗಳು ಸಾಲು ಬಿಟ್ಟು ಓಡಿದ್ದವು. ‘ನಾನು ಪುಸ್ತಕ ಹಿಡಿದಾಗಿನಿಂದ ಚಂದ್ರ ಎಷ್ಟು ದೂರ ಹೋದ, ಲೆಕ್ಕ ಹಾಕಿದೆ. ೭೪ ವರ್ಷಕ್ಕೆ ಒಂಬತ್ತು ಅಡಿ. ಅವನಾದರೂ ಪರವಾಗಿಲ್ಲ, ನೀನು ೨೫೦ ಮೈಲಿ ಹೋದೆ. ಇನ್ನು ನಾನು ಅಲ್ಲಿಗೆ ಬರುವ ಮಾತು. ನಿಮ್ಮ ಮನೆಯಲ್ಲಿ ಎಲ್ಲರೂ ಬೇಗ ತಿರುಗುವವರು. ನಾನು ನಿಧಾನ. ಯಾರು ಯಾರನ್ನು ಹಿಂದಕ್ಕೆ ಎಳೆಯುವುದು, ನೀನೇ ಬರೆದಿದ್ದೀ.’ ತಮಾಷೆಗೆ ಬರೆದದ್ದೋ ಅಲ್ಲವೋ ಅಣ್ಣಯ್ಯನ ವಿಷಯದಲ್ಲಿ ಹೇಳುವುದು ಕಷ್ಟ. ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ‘ಅಕ್ಷರ ನೋಡಿ’ ಎಂದಳು.

ಪುಷ್ಯಮಾಸದ ಹುಣ್ಣಿಮೆಗೆ ಊರಿಗೆ ಹೋದೆ. ಅಣ್ಣಯ್ಯ ಇಳಿದಿದ್ದರು, ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ರಾತ್ರಿ ಹತ್ತೂವರೆಗೆ ಟಾರ್ಚು, ಪುಸ್ತಕ, ಕೈಗಡಿಯಾರ ತೆಗೆದುಕೊಂಡು ಹೊರಟರು. ಬೇಡ ಎಂದರೆ ಕೇಳುವ ಪೈಕಿಯಲ್ಲ. ಹಳೆಯ ಕಡವಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು, ಕೆಳಗೆ ನೀರು ಸದ್ದಿಲ್ಲದೆ ಮೆಟ್ಟಿಲು ಏರುತ್ತಿತ್ತು. ಬ್ರಹ್ಮಹೃದಯ ಉತ್ತರದಲ್ಲಿ ಎತ್ತರಕ್ಕೆ ನಿಂತಿತ್ತು. ‘ಎಲ್ಲಿ ಅದು?’ ಎಂದು ಕೇಳಿದರು. ಅಲ್ಲಿಂದ ಮಿಥುನದ ಕಡೆಗೆ ಬೆರಳು ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. ಇದ್ದರೂ ಆ ಬೆಳದಿಂಗಳಲ್ಲಿ ಕಾಣುತ್ತಿರಲಿಲ್ಲ. ಅವರು ತುಂಬ ಹೊತ್ತು ಅಲ್ಲೇ ನೋಡಿದರು.

ಎಂಟನೆಯ ಮೆಟ್ಟಿಲು ತೊಯ್ದು, ನೀರು ಅಲ್ಲಿಗೆ ನಿಂತಿತು. ಕೈಗಡಿಯಾರಕ್ಕೆ ಟಾರ್ಚು ಹಿಡಿದು ನೋಡಿದರು. ಪುಸ್ತಕ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು, ಪೆನ್ನು ತೆಗೆದು, ಸ್ವಲ್ಪ ಹೊತ್ತು ಹಾಗೇ ಇದ್ದು, ಎರಡನ್ನೂ ನನ್ನ ಕಡೆಗೆ ಚಾಚಿದರು. ಆ ಪುಸ್ತಕದಲ್ಲಿ ನಾನು ಇಷ್ಟು ವರ್ಷದಲ್ಲಿ ಒಂದು ಅಕ್ಷರ ಬರೆದವನಲ್ಲ. ಚಿಕ್ಕಂದಿನಲ್ಲಿ ಮುಟ್ಟಿದ್ದಕ್ಕೆ ಪೆಟ್ಟು ತಿಂದಿದ್ದೆ.

‘೧೧ ಗಂಟೆ ೧೦ ನಿಮಿಷ. ಎಂಟು’ ಎಂದರು. ಬರೆದೆ. ಟಾರ್ಚು ಹತ್ತಿರ ಹಿಡಿದು ಓದಿ ನೋಡಿದರು.

‘ಪಕ್ಕದಲ್ಲಿ ನಿನ್ನ ಅಂಕಿತ ಹಾಕು. ಯಾರು ನೋಡಿದ್ದು ಎಂದು ಗೊತ್ತಾಗಬೇಕು.’

ಹಾಕಿದೆ. ಅವರು ನನ್ನ ಹೆಗಲು ಹಿಡಿದುಕೊಂಡು ಎದ್ದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.

‘ನಾಳೆ ಹನ್ನೆರಡಾಗುತ್ತದೆ ನೀರು ಬರುವಾಗ. ನಿನಗೆ ನಿದ್ರೆ ಕೆಡುತ್ತದೆ’ ಎಂದರು.

ಬೆಂಗಳೂರಿನ ಬಸ್ಸು ನಾಳೆ ರಾತ್ರಿ ಎಂಟೂವರೆಗೆ. ಟಿಕೆಟ್ಟು ನನ್ನ ಜೇಬಿನಲ್ಲೇ ಇತ್ತು.